ಹಿಟ್ಟಿನ ಹುಂಜವೂ ಚೀನಿಕಾಯಿಯ ಭೂತವೂ



2024ನೆಯ ಇಸವಿಯ ಅಕ್ಟೋಬರ್ 31 ಗುರುವಾರವಾಗಿತ್ತು. ನಮ್ಮ ನಾಡಿನಲ್ಲಿ ಆ ದಿನ ನರಕ ಚತುರ್ದಶಿ. ಮಧ್ಯಾಹ್ನದ ತರುವಾಯ ಅಮಾವಾಸ್ಯೆ ಹಿಡಿದು, ಮರುದಿನ ಬೆಳಗಿನ ಜಾವಕ್ಕೆ ಭಗವಾನ್ ಮಹಾವೀರ ಸ್ವಾಮಿಯ ನಿರ್ವಾಣಪೂಜೆ ನಡೆಯಿತು. ಅಮೆರಿಕ ದೇಶದಲ್ಲಿ ಅದೇ ಅಕ್ಟೋಬರ್ 31 ಹ್ಯಾಲೋವೀನ್ ಎಂಬ ಭೂತವೇಷದ ಹಬ್ಬ. ಅಲ್ಲಿನ ಪೂರ್ವತೀರದ ಗಡಿಯಾರ ಆ ಋತುವಿನಲ್ಲಿ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ. ಅಂದರೆ ನಮ್ಮ ಬಸದಿಯಲ್ಲಿ ಇಂದ್ರರು ಬೆಳಗಿನ ಐದೂವರೆಗೆ ನಿರ್ವಾಣದ ಲಾಡನ್ನು ಅರ್ಪಿಸುತ್ತಿದ್ದ ಗಳಿಗೆಯಲ್ಲಿ, ನ್ಯೂಜೆರ್ಸಿಯಲ್ಲಿರುವ ನನ್ನ ಮಗಳ ಮಗನಿಗೆ ಹಿಂದಿನ ರಾತ್ರಿಯ ಎಂಟು ಗಂಟೆ. ಅವನು ಭೂತದ ವೇಷ ತೊಟ್ಟು ಮನೆಮನೆಯ ಬಾಗಿಲು ತಟ್ಟಿ ಬಂದು ಮಿಠಾಯಿ ಎಣಿಸುತ್ತಿದ್ದ.

ಇದಕ್ಕೆ ಹತ್ತು ದಿನ ಮೊದಲು ಆ ಎಂಟು ವರ್ಷದ ಹುಡುಗ ದೂರವಾಣಿಯಲ್ಲಿ ಕೇಳಿದ್ದ: "ಅಜ್ಜ, ನಾನು ಭೂತದ ವೇಷ ಹಾಕಬಹುದಾ?" ನಾನು ಬಾಯಿ ತೆರೆಯುವ ಮೊದಲೇ ಮಗಳು ನಡುವೆ ಬಂದು ಹೇಳಿದಳು: "ಹೊಸತು ಏನೂ ತೆಗೆದುಕೊಳ್ಳುವುದಿಲ್ಲ ಅಪ್ಪ. ನೀವು ಬಂದಾಗ ಬಿಟ್ಟುಹೋದ ಹಳೆಯ ಪಂಚೆಯೇ ವೇಷ. ಚೀನಿಕಾಯಿಯನ್ನು ಮರುದಿನ ಹುಳಿ ಮಾಡುತ್ತೇನೆ. ಒಂದು ಡಾಲರೂ ದಂಡವಿಲ್ಲ, ಪರಿಸರಕ್ಕೂ ತೊಂದರೆಯಿಲ್ಲ."

ಈ ಸಂಭಾಷಣೆಯನ್ನು ನಾನು ಬಸದಿಯ ಜಗಲಿಯಲ್ಲಿ ಕೆಲವರೊಡನೆ ಪ್ರಸ್ತಾಪಿಸಿದಾಗ ಎರಡು ಪಕ್ಷಗಳು ಹುಟ್ಟಿಕೊಂಡವು. ಹಿರಿಯರ ಪಕ್ಷ, "ಇದು ಪರಕೀಯರ ಪಿಶಾಚಿ ಹಬ್ಬ, ಜೈನರ ಮನೆಯ ಹೊಸ್ತಿಲನ್ನು ದಾಟಕೂಡದು" ಎಂದಿತು. ಕಿರಿಯರ ಪಕ್ಷ, "ಕಾಲ ಬದಲಾಗಿದೆ, ಪರಿಸರಸ್ನೇಹಿಯಾಗಿ, ಮಿತವ್ಯಯದಿಂದ ಆಚರಿಸಿದರೆ ದೋಷವೇನು?" ಎಂದಿತು. ಎರಡೂ ಪಕ್ಷಗಳು ತಪ್ಪು ದಾರಿಯಲ್ಲಿವೆಯೆಂಬುದೇ ಈ ಲೇಖನದ ಪ್ರತಿಪಾದನೆ. ಇದು ಅಮೆರಿಕದಲ್ಲಿರುವ ಮಕ್ಕಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಯಾರೂ ಭಾವಿಸಬಾರದು. ನಮ್ಮ ಸೀಮೆಯಲ್ಲೇ ಒಂದು ಶಾಲೆಯವರು ಅಕ್ಟೋಬರ್ ಕೊನೆಗೆ ಪುಟ್ಟ ಮಕ್ಕಳನ್ನು ಭೂತ-ಪ್ರೇತಗಳ ವೇಷದಲ್ಲಿ ಕಳುಹಿಸಬೇಕೆಂದು ಚೀಟಿ ಕೊಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ಲಾಸ್ಟಿಕ್ ಮುಖವಾಡವನ್ನು ಹುಡುಕಿಕೊಂಡು ಬಂದ ತಾಯಂದಿರು ನನ್ನ ಅಂಗಡಿಯ ಮೆಟ್ಟಿಲನ್ನೂ ಹತ್ತಿದ್ದಾರೆ.

ಪರಕೀಯವೆಂಬ ವಾದದ ಟೊಳ್ಳುತನ

ಮೊದಲು ಹಿರಿಯರ ವಾದವನ್ನು ಪರಿಶೀಲಿಸೋಣ. ಹ್ಯಾಲೋವೀನ್ ಮೂಲತಃ ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಕೆಲ್ಟ್ ಜನರು ಸುಗ್ಗಿ ಮುಗಿದು ಚಳಿಗಾಲ ಹಿಡಿಯುವಾಗ ಆಚರಿಸುತ್ತಿದ್ದ ಸಾವಿನ್ ಎಂಬ ಹಬ್ಬದೊಡನೆ ನಂಟುಳ್ಳದ್ದು. ಸತ್ತವರ ಲೋಕದ ಬಾಗಿಲು ಆ ರಾತ್ರಿ ತೆರೆದಿರುವುದೆಂದು ಅವರ ನಂಬಿಕೆ. ಕ್ರೈಸ್ತ ಧರ್ಮ ಬಂದ ಮೇಲೆ ನವೆಂಬರ್ 1 ಸಕಲ ಸಂತರ ದಿನವಾಯಿತು, ನವೆಂಬರ್ 2 ಸಕಲ ಆತ್ಮರ ದಿನವಾಯಿತು. ಮಂಗಳೂರು, ಪುತ್ತೂರುಗಳ ಕೆಥೊಲಿಕ್ ಬಂಧುಗಳು ಇಂದಿಗೂ ನವೆಂಬರ್ 2ರಂದು ಹಿರಿಯರ ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸುತ್ತಾರೆ. ಐರಿಷರು ಟರ್ನಿಪ್ ಎಂಬ ಗೆಡ್ಡೆಯನ್ನು ಕೊರೆದು ಒಳಗೆ ದೀಪವಿಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಅಮೆರಿಕಕ್ಕೆ ವಲಸೆ ಹೋದಾಗ ಆ ಗೆಡ್ಡೆಯ ಜಾಗಕ್ಕೆ ಅಲ್ಲಿನ ದೊಡ್ಡ ಚೀನಿಕಾಯಿ ಬಂತು.

ಸತ್ತವರ ನೆನಪು, ವೇಷ, ಮನೆಮನೆಯ ಭೇಟಿ, ದೀಪ: ಇವುಗಳಲ್ಲಿ ತುಳುನಾಡಿಗೆ ಯಾವುದು ಅಪರಿಚಿತ? ಆಟಿ ತಿಂಗಳ ಜಡಿಮಳೆಯಲ್ಲಿ ಆಟಿ ಕಳಂಜ ಮನೆಯಂಗಳಕ್ಕೆ ಬರುತ್ತಾನೆ. ಅವನ ಉಡುಗೆ ತೆಂಗಿನ ಎಳೆಯ ಗರಿಯ ತಿರಿ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಸಿಕ್ಕಿಸಿಕೊಳ್ಳುವುದಕ್ಕೆ ಕೇಪಳದ ಹೂ, ಕೈಯಲ್ಲಿ ತಾಳೆಗರಿಯ ಕೊಡೆ. ಊರಿನ ರೋಗರುಜಿನವನ್ನು ಓಡಿಸಲು ಬಂದವನೆಂದು ಮನೆಯೊಡತಿ ಅವನಿಗೆ ಅಕ್ಕಿ, ತೆಂಗಿನಕಾಯಿ, ಉಪ್ಪು, ಮೆಣಸು, ಅರಿಸಿನ, ಇದ್ದಿಲು ಕೊಡುತ್ತಾಳೆ. ಮಾರ್ನೆಮಿಯಲ್ಲಿ ಹುಲಿ, ಕರಡಿ ವೇಷಗಳು ಬರುತ್ತವೆ. ಪುತ್ತೂರು, ಸುಳ್ಯ, ಬೆಳ್ತಂಗಡಿಗಳ ಗೌಡ ಬಂಧುಗಳಲ್ಲಿ ಪುರುಷರ ವೇಷ ಕಟ್ಟಿ ರಾತ್ರಿ ಮನೆಮನೆ ಸುತ್ತುವ ಸಂಪ್ರದಾಯವಿದೆ. ಆಟಿಯಲ್ಲಿ ಕುಲೆಗಳಿಗೆ, ಎಂದರೆ ಗತಿಸಿದ ಹಿರಿಯರಿಗೆ, ಎಡೆಯಿಡುವ ಮನೆಗಳು ನಮ್ಮ ನೆರೆಯಲ್ಲೇ ಇವೆ. ನಮ್ಮ ಜೈನ ಬೀಡುಗಳಲ್ಲಿಯೂ ದೈವಗಳಿಗೆ ನೇಮ ನಡೆಯುತ್ತ ಬಂದಿದೆ. ಹೀಗಿರುವಾಗ "ಭೂತವೆಂಬುದು ಪರದೇಶದ್ದು" ಎಂದು ಹೇಳುವ ಬಾಯಿ ಯಾವುದು?

ಶಾಸ್ತ್ರದ ಮಾತಾದರೂ ಅಷ್ಟೇ. ವ್ಯಂತರ ದೇವರುಗಳ ಎಂಟು ಭೇದಗಳಲ್ಲಿ ಭೂತ, ಪಿಶಾಚಗಳನ್ನು ತತ್ತ್ವಾರ್ಥಸೂತ್ರವೇ ಎಣಿಸಿದೆ. ಅವೂ ನಮ್ಮಂತೆ ಕರ್ಮಬದ್ಧವಾದ ಸಂಸಾರಿ ಜೀವಗಳು. ಆದುದರಿಂದ ಅವನ್ನು ಕಂಡು ನಡುಗುವುದೂ ಸಮ್ಯಗ್ದೃಷ್ಟಿಗೆ ತಕ್ಕುದಲ್ಲ, ಅವನ್ನು ಅಣಕಿಸುವುದೂ ತಕ್ಕುದಲ್ಲ. ಸಮ್ಯಗ್ದರ್ಶನದ ಮೊದಲ ಅಂಗವಾದ ನಿಃಶಂಕಿತವು ಸಪ್ತಭಯಗಳಿಂದ ಬಿಡುಗಡೆ. ಆಚರಣೆ ಎಲ್ಲಿಂದ ಬಂತೆಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಅದರಲ್ಲಿ ಹಿಂಸೆಯಿದೆಯೇ, ಮೂಢತೆಯಿದೆಯೇ ಎಂಬುದಷ್ಟೇ ಪ್ರಶ್ನೆ. ಹಿರಿಯರ ಪಕ್ಷ ಈ ಪ್ರಶ್ನೆಯನ್ನು ಕೇಳಲಿಲ್ಲ. ರಹದಾರಿಯನ್ನು ಮಾತ್ರ ಕೇಳಿತು.

ಆದರೆ ಆಟಿ ಕಳಂಜನ ಹೆಸರೆತ್ತಿದವನು ಇನ್ನೊಂದು ಮಾತನ್ನೂ ಹೇಳದೆ ಹೋದರೆ ಅಪ್ರಾಮಾಣಿಕನಾಗುತ್ತಾನೆ. ಕಳಂಜನ ವೇಷ ಸಂಪೂರ್ಣ ಪರಿಸರಸ್ನೇಹಿ. ಒಂದು ಕಾಸಿನ ಖರ್ಚಿಲ್ಲದ್ದು. ಸಂಜೆಗೆ ಕಳಚಿ ತೋಟಕ್ಕೆಸೆದರೆ ಗೊಬ್ಬರ. ಇದನ್ನು ಈಗ ವೇದಿಕೆಗಳ ಮೇಲೆ ಹೊಗಳುವವರು ಬಹಳ. ಆದರೆ ಆ ಮಿತವ್ಯಯವನ್ನು ನಲಿಕೆಯವರು ಆರಿಸಿಕೊಂಡದ್ದಲ್ಲ. ಗೇಣಿಯ ಗದ್ದೆಯೂ ಇಲ್ಲದೆ, ಆಟಿಯ ಹಸಿವಿನಲ್ಲಿ, ಕೈಗೆ ಸಿಕ್ಕಿದ್ದು ತೆಂಗಿನ ಗರಿ. ಮಾರ್ನೆಮಿಯ ವೇಷಗಳಲ್ಲಿಯೂ ಕೊರಗ ಬಂಧುಗಳನ್ನು ಅಣಕಿಸುವ ವೇಷವನ್ನು ಕಟ್ಟಿ ನಕ್ಕವರು ನಾವೇ. ಆ ಸಮುದಾಯದ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕ ಸರಕಾರ 2000ನೆಯ ಇಸವಿಯಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಅಹಿಂಸಾಧರ್ಮದವರು ಇರುವ ಜಿಲ್ಲೆಗೆ ಕಾಯಿದೆ ಬಂದು ಮನುಷ್ಯತ್ವ ಕಲಿಸಬೇಕಾಯಿತೆಂಬುದನ್ನು ನಾವು ಮರೆಯಬಾರದು. ಖರ್ಚು ಕಡಿಮೆಯೆಂಬ ಒಂದೇ ಕಾರಣಕ್ಕೆ ಯಾವ ಆಚರಣೆಯೂ ಪುಣ್ಯವಾಗುವುದಿಲ್ಲ.

ಪರಿಸರಸ್ನೇಹಿಯೆಂಬ ವಾದದ ಕೊರತೆ

ಈಗ ಕಿರಿಯರ ವಾದಕ್ಕೆ ಬರೋಣ. ಅದರಲ್ಲಿ ಸತ್ಯಾಂಶವಿದೆಯೆಂಬುದನ್ನು ಮೊದಲೇ ಒಪ್ಪುತ್ತೇನೆ. ನಾನು ವಾಣಿಜ್ಯಶಾಸ್ತ್ರ ಓದಿದವನು. ಅಂಕಿಗಳನ್ನು ನೋಡದೆ ಮಾತನಾಡುವುದು ನನಗೆ ರೂಢಿಯಿಲ್ಲ. ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟ 2023ರ ಹ್ಯಾಲೋವೀನಿಗೆ ಅಂದಾಜಿಸಿದ ಖರ್ಚು 1220 ಕೋಟಿ ಡಾಲರ್. ಅಂದಿನ ವಿನಿಮಯ ದರದಲ್ಲಿ ಅದು ಒಂದು ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿದ್ದು. ಅದೇ ವರ್ಷದ ಕರ್ನಾಟಕ ರಾಜ್ಯದ ಮುಂಗಡಪತ್ರದ ಗಾತ್ರ 3 ಲಕ್ಷ 27 ಸಾವಿರ ಕೋಟಿ. ಆರೂವರೆ ಕೋಟಿ ಜನರ ಶಾಲೆ, ಆಸ್ಪತ್ರೆ, ರಸ್ತೆ, ಪಿಂಚಣಿಗಳಿಗೆ ವರ್ಷವಿಡೀ ವ್ಯಯಿಸುವುದರ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಒಂದು ಸಂಜೆಯ ವೇಷಕ್ಕೆ, ಮಿಠಾಯಿಗೆ, ಅಲಂಕಾರಕ್ಕೆ! ಬ್ರಿಟನ್ನಿನಲ್ಲಿ 2019ರಲ್ಲಿ ಎರಡು ಸಂಸ್ಥೆಗಳು ಅಂಗಡಿಗಳ ಹ್ಯಾಲೋವೀನ್ ಉಡುಪುಗಳನ್ನು ಪರೀಕ್ಷಿಸಿದಾಗ, ಅವುಗಳ ವಸ್ತುವಿನಲ್ಲಿ ನೂರಕ್ಕೆ 83 ಪಾಲು ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್ಕೇ ಎಂದು ಕಂಡುಬಂತು. ಆ ಒಂದು ಹಬ್ಬದ ಉಡುಪುಗಳಿಂದಲೇ ಆ ದೇಶದಲ್ಲಿ ಸುಮಾರು 2000 ಟನ್ ಪ್ಲಾಸ್ಟಿಕ್ ಕಸವೆಂದು ಅವು ಅಂದಾಜಿಸಿದವು. ದೀಪವಿಟ್ಟ ಚೀನಿಕಾಯಿಗಳನ್ನು ಮರುದಿನ ಕಸಕ್ಕೆಸೆಯುತ್ತಾರೆ. ಅವು ಗಾಳಿಯಾಡದ ಕಸದ ರಾಶಿಯಲ್ಲಿ ಕೊಳೆತು ಮೀಥೇನ್ ಅನಿಲವಾಗುತ್ತವೆ. ಇದರ ಮುಂದೆ ನನ್ನ ಮಗಳ ಹಳೆಯ ಪಂಚೆಯೂ ಹುಳಿಯೂ ನಿಶ್ಚಯವಾಗಿ ಮೇಲು.

ಆದರೆ ಅವಳು ಆಡಿದ ಒಂದು ಶಬ್ದವನ್ನು ಗಮನಿಸಿ: "ದಂಡವಿಲ್ಲ." ನಿಷ್ಪ್ರಯೋಜಕವಾಗಿ ಹಾಳಾದದ್ದನ್ನು ನಾವು ದಂಡವೆನ್ನುತ್ತೇವೆ. ನಮ್ಮ ಆಚಾರ್ಯರು ಅದೇ ಶಬ್ದವನ್ನು ಬೇರೊಂದು ಆಳದಲ್ಲಿ ಬಳಸಿದ್ದಾರೆ. ಶ್ರಾವಕನ ಮೂರು ಗುಣವ್ರತಗಳಲ್ಲಿ ಅನರ್ಥದಂಡವಿರತಿ ಒಂದು. ಪ್ರಯೋಜನವಿಲ್ಲದೆ ಜೀವಗಳಿಗೆ ಕೊಡುವ ನೋವೇ ಅನರ್ಥದಂಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ಐದು ವಿಧವಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡಬಳ್ಳಿಗಳನ್ನು ಕತ್ತರಿಸುವುದು ಪ್ರಮಾದಚರ್ಯೆ. ಪರಿಸರಸ್ನೇಹವೆಂದು ಈಗ ಯಾವುದನ್ನು ಕರೆಯುತ್ತೇವೆಯೋ ಅದು ಈ ಐದರಲ್ಲಿ ಒಂದು, ಕೊನೆಯದು ಮಾತ್ರ. ಉಳಿದ ನಾಲ್ಕನ್ನು ಬಿಟ್ಟು ಕೊನೆಯದೊಂದನ್ನೇ ಪೂರ್ಣವ್ರತವೆಂದು ಸಾರುವುದು ಅರ್ಧ ಲೆಕ್ಕ ಬರೆದು ವಹಿ ಮುಚ್ಚಿದಂತೆ.

ಉಳಿದ ನಾಲ್ಕರಲ್ಲಿ ಹ್ಯಾಲೋವೀನ್ ಎಲ್ಲಿ ನಿಲ್ಲುತ್ತದೆ? ಅಂಗಳದಲ್ಲಿ ಕತ್ತರಿಸಿದ ಕೈಯ ಪ್ರತಿಕೃತಿ, ಬಾಗಿಲಲ್ಲಿ ನೇತಾಡುವ ಹೆಣ, ಮಗುವಿನ ಕೆನ್ನೆಯ ಮೇಲೆ ಬಣ್ಣದ ರಕ್ತ, ಕೈಯಲ್ಲಿ ಪ್ಲಾಸ್ಟಿಕ್ ಕೊಡಲಿ. ಕೊಲ್ಲುವುದನ್ನೂ ಕೊಲೆಯಾಗುವುದನ್ನೂ ಮನಸ್ಸಿನಲ್ಲಿ ಸವಿಯುವ ಇದೇ ಅಪಧ್ಯಾನ. ಈ ಪ್ರತಿಕೃತಿಗಳನ್ನೆಲ್ಲ ರದ್ದಿ ಕಾಗದದಿಂದ ಮಾಡಿದರೆ, ರಕ್ತವನ್ನು ಬೀಟ್‌ರೂಟಿನಿಂದ ಮಾಡಿದರೆ ಅದು ಪರಿಸರಸ್ನೇಹಿಯಾಗುತ್ತದೆ, ಅಹಿಂಸೆಯಾಗುವುದಿಲ್ಲ.

ಹಿಟ್ಟಿನ ಹುಂಜ

"ಆಟಕ್ಕೆ ಮಾಡಿದ್ದಕ್ಕೆ ಇಷ್ಟು ಗಾಂಭೀರ್ಯವೇಕೆ?" ಎಂದು ಓದುಗರು ಕೇಳಬಹುದು. ಈ ಪ್ರಶ್ನೆಗೆ ನಮ್ಮ ಪರಂಪರೆ ಸಾವಿರ ವರ್ಷಗಳ ಹಿಂದೆಯೇ ಉತ್ತರಿಸಿದೆ. ಸೋಮದೇವಸೂರಿಗಳು 959ರಲ್ಲಿ ಸಂಸ್ಕೃತದ ಯಶಸ್ತಿಲಕದಲ್ಲಿಯೂ, ಜನ್ನ ಕವಿ 1209ರಲ್ಲಿ ಕನ್ನಡದ ಯಶೋಧರ ಚರಿತೆಯಲ್ಲಿಯೂ ಹೇಳಿದ ಕಥೆ ನಮ್ಮ ಮನೆಗಳಲ್ಲಿ ಯಾರಿಗೆ ತಿಳಿಯದು? ಕೆಟ್ಟ ಕನಸಿನ ಪರಿಹಾರಕ್ಕೆ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸಿದಳು. ಯಶೋಧರ ಮಹಾರಾಜ ಒಲ್ಲೆನೆಂದ. ಕೊನೆಗೆ ತಾಯಿ-ಮಗ ಒಂದು ರಾಜಿಗೆ ಬಂದರು: ಜೀವವಿರುವ ಹುಂಜ ಬೇಡ, ಹಿಟ್ಟಿನ ಹುಂಜ ಸಾಕು. ಒಂದು ಹನಿ ರಕ್ತ ಬೀಳಲಿಲ್ಲ. ಒಂದು ಪ್ರಾಣಿ ಸಾಯಲಿಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಅತ್ಯಂತ ಮಿತವ್ಯಯದ, ಸಂಪೂರ್ಣ ಪರಿಸರಸ್ನೇಹಿ ಬಲಿ. ಆದರೂ ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪವೊಂದರ ಫಲವಾಗಿ ತಾಯಿ-ಮಗ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಣ, ಕೋಳಿಗಳ ಜನ್ಮಗಳಲ್ಲಿ ತೊಳಲಿದರು.

ಗೃಹಸ್ಥನ ಹಿಂಸೆಯನ್ನು ಶಾಸ್ತ್ರ ನಾಲ್ಕಾಗಿ ವಿಂಗಡಿಸುತ್ತದೆ. ಅಡಿಗೆಯಲ್ಲಾಗುವ ಆರಂಭಹಿಂಸೆ, ದುಡಿಮೆಯಲ್ಲಾಗುವ ಉದ್ಯೋಗಹಿಂಸೆ, ರಕ್ಷಣೆಯಲ್ಲಾಗುವ ವಿರೋಧಿಹಿಂಸೆ: ಈ ಮೂರರಲ್ಲಿ ನಮಗೆ ಸ್ವಲ್ಪ ವಿನಾಯಿತಿಯುಂಟು. ಸಂಕಲ್ಪಹಿಂಸೆಯಲ್ಲಿ ಲವಲೇಶವೂ ಇಲ್ಲ. ಪರಿಸರವಾದಿಯ ತಕ್ಕಡಿಯಲ್ಲಿ ಹಿಟ್ಟಿನ ಹುಂಜಕ್ಕೆ ಶೂನ್ಯ ತೂಕ. ಜೈನನ ತಕ್ಕಡಿಯಲ್ಲಿ ಅದು ಹಲವು ಜನ್ಮಗಳ ತೂಕ. ಈ ವ್ಯತ್ಯಾಸವನ್ನು ನಮ್ಮ ಯುವಕರು ತಿಳಿಯದೆ ಪರಿಸರದ ಮಾತನ್ನೇ ಧರ್ಮದ ಮಾತೆಂದು ತಿಳಿಯುತ್ತಿದ್ದಾರೆ.

ಹಾಗೆಂದು ಹಳೆಯ ಪಂಚೆ ಹೊದ್ದು "ಹೂ" ಎಂದು ಕೂಗುವ ಮಗುವನ್ನು ಯಶೋಧರನ ಪಕ್ಕಕ್ಕೆ ನಿಲ್ಲಿಸುವಷ್ಟು ವಿವೇಕಹೀನನು ನಾನಲ್ಲ. ಬಿಳಿ ಬಟ್ಟೆಯಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಕೊಡಲಿಯಲ್ಲಿ, ರಕ್ತದಲ್ಲಿ ಇದೆ. ಗೆರೆ ಎಳೆಯಬೇಕಾದದ್ದು ಅಲ್ಲಿ.

ಮಿಠಾಯಿಯ ಒಳಗಿನ ಲೆಕ್ಕ

ಇನ್ನು ಆ ಮಕ್ಕಳ ಚೀಲಕ್ಕೆ ಬೀಳುವ ಮಿಠಾಯಿ. ದಿನಸಿ ವ್ಯಾಪಾರದಲ್ಲಿ ತಲೆ ನರೆತವನಾಗಿ ಇದನ್ನು ತಾಯಂದಿರಿಗೆ ಸ್ಪಷ್ಟವಾಗಿ ಹೇಳುತ್ತೇನೆ. ರಬ್ಬರಿನಂತೆ ಎಳೆಯುವ ಮಿಠಾಯಿಗಳಲ್ಲಿಯೂ, ಮಾರ್ಷ್‌ಮ್ಯಾಲೋದಲ್ಲಿಯೂ ಸಾಮಾನ್ಯವಾಗಿ ಇರುವ ಜೆಲಟಿನ್, ಹಂದಿ ಮತ್ತು ದನಗಳ ಚರ್ಮ-ಎಲುಬುಗಳಿಂದ ತೆಗೆದದ್ದು. ಕೆಲವು ಮಿಠಾಯಿಗಳ ಮೇಲಿನ ಹೊಳಪು ಅರಗಿನ ಹುಳುವಿನದು. ಕಾರ್ಮೈನ್ ಎಂಬ ಕೆಂಪು ಬಣ್ಣ ಕೊಚಿನೀಲ್ ಎಂಬ ಹುಳುಗಳನ್ನು ಒಣಗಿಸಿ ಅರೆದದ್ದು. ಹೊದಿಕೆ ಕಾಗದದ್ದಾದರೇನು, ಪ್ಲಾಸ್ಟಿಕ್ಕಿನದಾದರೇನು? ಪರಿಸರಸ್ನೇಹಿ ಹೊದಿಕೆ ಒಳಗಿನ ಎಲುಬನ್ನು ಶುದ್ಧಗೊಳಿಸದು.

ಚಾಕಲೇಟಿನ ಕಥೆ ಇನ್ನೂ ಕಠಿಣ. ಜಗತ್ತಿನ ಕೊಕ್ಕೋವಿನ ಅರ್ಧಕ್ಕಿಂತ ಹೆಚ್ಚು ಪಾಲು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ ಬರುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಆ ಎರಡು ದೇಶಗಳ ಕೊಕ್ಕೋ ತೋಟಗಳಲ್ಲಿ ಸುಮಾರು 15 ಲಕ್ಷ 60 ಸಾವಿರ ಮಕ್ಕಳು ಬಾಲಕಾರ್ಮಿಕರಾಗಿ ದುಡಿಯುತ್ತಿದ್ದರು. ಒಂದು ದೇಶದ ಮಗು ಭೂತದ ವೇಷ ತೊಟ್ಟು ಚಾಕಲೇಟು ಬೇಡುತ್ತದೆ. ಇನ್ನೊಂದು ದೇಶದ ಮಗು ಕತ್ತಿ ಹಿಡಿದು ಆ ಚಾಕಲೇಟಿನ ಕಾಯಿಯನ್ನು ಸೀಳುತ್ತದೆ. ಯಾವ ಮಗು ನಿಜವಾಗಿ ಭಯದಲ್ಲಿದೆಯೆಂದು ನೀವೇ ಹೇಳಿ. ಕೊಕ್ಕೋ ನಮಗೆ ಪರಕೀಯವಲ್ಲ. ನಮ್ಮ ಅಡಿಕೆ ತೋಟಗಳ ನೆರಳಿನಲ್ಲೇ ಬೆಳೆಯುತ್ತದೆ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆ ಆರಂಭಿಸಿದ್ದು ನಮ್ಮ ಬೆಳೆಗಾರರ ಕೊಕ್ಕೋವಿಗೆ ದಾರಿ ತೋರಲೆಂದೇ. ಬೆಳೆದವನ ಮುಖ ಕಾಣುವ ವ್ಯಾಪಾರಕ್ಕೂ ಕಾಣದ ವ್ಯಾಪಾರಕ್ಕೂ ಇರುವ ಭೇದವನ್ನು ಕುಂಬ್ರದ ರೈತನಿಗೆ ಯಾರೂ ಕಲಿಸಬೇಕಿಲ್ಲ.

ಆ ಮಕ್ಕಳು ಬಾಗಿಲಲ್ಲಿ ಕೂಗುವ ಮಾತಿನ ಅರ್ಥ, "ಕೊಡುವಿರೋ, ಕೀಟಲೆ ಮಾಡಲೋ" ಎಂದು. ನಗುತ್ತ ಹೇಳಿದರೂ ಅದು ಬೆದರಿಕೆಯೇ. ನಮ್ಮ ನಾಲ್ಕು ದಾನಗಳಲ್ಲಿ ಅಭಯದಾನ ಒಂದು. ಅಭಯವನ್ನು ಕೊಡಬೇಕಾದ ಕುಲದ ಮಗು ಭಯವನ್ನು ಒಡ್ಡಿ ತಿನಿಸು ಪಡೆಯುವುದು ದಾನದ ವಿಪರ್ಯಾಸ. ಇದಕ್ಕೆ ಒಳ್ಳೆಯ ದಾರಿಯನ್ನು ಅಲ್ಲಿನವರೇ ತೋರಿಸಿದ್ದಾರೆ. 1950ರಲ್ಲಿ ಫಿಲಡೆಲ್ಫಿಯಾದ ಮಕ್ಕಳು ಹಾಲಿನ ಖಾಲಿ ಪೆಟ್ಟಿಗೆಗಳನ್ನು ಹಿಡಿದು, ಮಿಠಾಯಿಯ ಬದಲು ಯುದ್ಧದಿಂದ ನೊಂದ ಮಕ್ಕಳಿಗಾಗಿ ಚಿಲ್ಲರೆ ಕಾಸು ಬೇಡಿದರು. ಯುನಿಸೆಫ್ ಸಂಸ್ಥೆಗೆ ಸಂದ ಆ ಪದ್ಧತಿ ಬಳಿಕ ದೇಶವ್ಯಾಪಿಯಾಯಿತು. ಒಳ್ಳೆಯದು ಎಲ್ಲಿದ್ದರೂ ಸ್ವೀಕರಿಸಲು ಅನೇಕಾಂತವಾದಿಗೆ ಸಂಕೋಚವಿರಬಾರದು.

ನಮ್ಮ ಮನೆಯ ಮಸಿ

ಇಷ್ಟೆಲ್ಲ ಹೇಳಿದ ಮೇಲೆ ನಾನು ನಿಮ್ಮ ಮುಂದೆ ತಲೆತಗ್ಗಿಸಿ ನಿಲ್ಲಬೇಕಾಗಿದೆ. ಆ ದಿನ ದೂರವಾಣಿಯಲ್ಲಿ ನಾನು ಮೊಮ್ಮಗನಿಗೆ ಹಿಟ್ಟಿನ ಹುಂಜದ ಕಥೆ ಹೇಳಿದೆ. ಅವನು ಕೊನೆಯವರೆಗೂ ಕೇಳಿ, ಹತ್ತು ದಿನಗಳ ಹಿಂದೆ ನಾವು ಕಳುಹಿಸಿದ್ದ ಆಯುಧಪೂಜೆಯ ಚಿತ್ರವನ್ನು ನೆನೆದು, "ಹಾಗಾದರೆ ಅಜ್ಜ, ನೀವು ಅಂಗಡಿಯ ಎದುರು ಕುಂಬಳಕಾಯಿಯ ಒಳಗೆ ಕೆಂಪು ಹಾಕಿ ಒಡೆದದ್ದು ಯಾಕೆ?" ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಹೆದ್ದಾರಿಯ ಬದಿಯಲ್ಲಿ ಬೂದುಗುಂಬಳಕ್ಕೆ ರಂಧ್ರ ಕೊರೆದು, ಕುಂಕುಮ ತುಂಬಿ, ಕರ್ಪೂರ ಹಚ್ಚಿ ಒಡೆಯುತ್ತಿದ್ದೆ. ಆ ಕೆಂಪು ಏನೆಂದು ನನಗೆ ಗೊತ್ತಿತ್ತು. ಅದು ಬಲಿಯ ರಕ್ತದ ಪ್ರತಿನಿಧಿ. ಯಶೋಧರ ಚರಿತೆಯ ಮೇಲೆ ಬಸದಿಯಲ್ಲಿ ಎರಡು ಬಾರಿ ಉಪನ್ಯಾಸ ಮಾಡಿದ ಮನುಷ್ಯ, ವರ್ಷವರ್ಷವೂ ತನ್ನ ಅಂಗಡಿಯ ಮುಂದೆ ಹಿಟ್ಟಿನ ಹುಂಜವನ್ನು ಕಡಿಯುತ್ತಿದ್ದ! ಒಂದು ವರ್ಷ ಸಂಜೆಯ ಮಳೆಗೆ ಆ ಹೋಳುಗಳು ಡಾಮರಿನ ಮೇಲೆ ಹರಡಿ, ಬೈಕಿನಲ್ಲಿ ಬಂದ ಕೂಲಿಯ ಹುಡುಗನೊಬ್ಬ ಜಾರಿ ಬಿದ್ದು ಮುಂಗೈ ಮುರಿದುಕೊಂಡ. ಆಸ್ಪತ್ರೆಯ ಬಿಲ್ಲನ್ನು ನಾನು ಕೊಟ್ಟೆ. ಅವನು ಕಳೆದುಕೊಂಡ ಎರಡು ತಿಂಗಳ ಕೂಲಿಯನ್ನು ಕೊಡಲಿಲ್ಲ. ಕೊಡಬೇಕೆಂದು ಆಗ ತೋರಲೂ ಇಲ್ಲ. ಮುಂದಿನ ವರ್ಷ ಮತ್ತೆ ಕಾಯಿ ಒಡೆದೆ. ನನ್ನ ವಹಿಯಲ್ಲಿ ಆ ಕುಂಬಳಕಾಯಿಯ ಖರ್ಚು ನಲವತ್ತು ರೂಪಾಯಿ ಎಂದಿದೆ. ಅದರ ನಿಜವಾದ ಬೆಲೆಯನ್ನು ಇನ್ನೊಬ್ಬನ ಮುಂಗೈ ತೆತ್ತಿತು. ಮಿತವ್ಯಯವೆಂದು ನಾವು ಹೇಳುವಾಗ ಯಾರ ವಹಿಯಲ್ಲಿ ಮಿತ ಎಂದು ಕೇಳಬೇಕು. 2025ರ ಆಯುಧಪೂಜೆಯಂದು ನಾನು ಒಡೆಯಲಿಲ್ಲ. ಕಾಯಿ ಅಡಿಗೆಮನೆಗೆ ಹೋಯಿತು. ಅವನಿಗೆ ಸಲ್ಲಬೇಕಾದ ಕೂಲಿಯನ್ನು ತಡವಾಗಿಯಾದರೂ ಸಲ್ಲಿಸಿದ್ದೇನೆ.

ಕುಂಬಳಕಾಯಿಗಿಂತ ದೊಡ್ಡ ಪಾಪ ಪಟಾಕಿ. ದೀಪಾವಳಿ ನಮಗೆ ಯಾವ ದಿನ? ಪಾವಾಪುರಿಯಲ್ಲಿ ವರ್ಧಮಾನ ಸ್ವಾಮಿ ನಿರ್ವಾಣ ಹೊಂದಿದ ಬೆಳಗು, ಜ್ಞಾನಸೂರ್ಯ ಅಸ್ತಮಿಸಿದನೆಂದು ದೀಪ ಹಚ್ಚಿದ ದಿನ. ಜಿನಸೇನಾಚಾರ್ಯರು 783ರಲ್ಲಿ ಮುಗಿಸಿದ ಹರಿವಂಶಪುರಾಣದಲ್ಲಿ ಈ ದೀಪೋತ್ಸವದ ಉಲ್ಲೇಖವಿದೆ. ಅಲ್ಲಿ ದೀಪವಿದೆ, ಮದ್ದು ಎಲ್ಲಿದೆ? ಮುಂಗಾಲಿನ ಇರುವೆಯನ್ನೂ ತಪ್ಪಿಸಿ ನಡೆದ ತೀರ್ಥಂಕರನ ನಿರ್ವಾಣದ ರಾತ್ರಿ ನಾವು ಗಂಧಕ ಸುಟ್ಟು, ಹುಳುಹುಪ್ಪಟೆಗಳನ್ನು ಕರಕು ಮಾಡಿ, ಗೂಡಿನ ಹಕ್ಕಿಗಳನ್ನು ಕತ್ತಲೆಗೆ ಅಟ್ಟುತ್ತೇವೆ. ಮರುದಿನ ಅದೇ ಕೈಯಿಂದ ಹೊಸ ವಹಿಯ ಮೇಲೆ ವೀರನಿರ್ವಾಣ ಸಂವತ್ಸರವನ್ನು ಬರೆಯುತ್ತೇವೆ.

ಇಲ್ಲಿಯೂ ಪರಿಸರಸ್ನೇಹಿಯೆಂಬ ಸಮಾಧಾನ ಬಂದಿದೆ. 2018ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟು ಬೇರಿಯಂ ಲವಣಗಳನ್ನೂ ಸರಪಟಾಕಿಗಳನ್ನೂ ನಿಷೇಧಿಸಿ, ಕಡಿಮೆ ಹೊಗೆಯ ಹಸಿರು ಪಟಾಕಿಗಳನ್ನು ದೀಪಾವಳಿಯ ರಾತ್ರಿ 8ರಿಂದ 10ರವರೆಗೆ ಮಾತ್ರ ಸುಡಬಹುದೆಂದಿತು. ಹಸಿರು ಪಟಾಕಿಯಿಂದ ಧೂಳಿನ ಕಣಗಳು ನೂರಕ್ಕೆ 30ರಷ್ಟು ಕಡಿಮೆಯೆಂಬುದು ಅದನ್ನು ರೂಪಿಸಿದ ಸಂಸ್ಥೆಯ ಲೆಕ್ಕ. ಹಾಗಾದರೆ ಉಳಿದ 70? ನ್ಯಾಯಾಲಯ ಪ್ರಜೆಗೆ ಕೊಟ್ಟ ಅನುಮತಿ ಶ್ರಾವಕನಿಗೆ ಕೊಟ್ಟ ಆಜ್ಞೆಯಲ್ಲ.

ಮದ್ದು ಸುಡುವ ಮೊದಲೇ ಮನುಷ್ಯರನ್ನು ಸುಡುತ್ತದೆ. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಅಂಚಿನ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಹತ್ತಿ 14ಕ್ಕೂ ಹೆಚ್ಚು ಮಂದಿ ಸತ್ತರು. ದೀಪಾವಳಿಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದಿದ್ದ ಯುವಕರೇ ಅವರಲ್ಲಿ ಬಹುಪಾಲು. 2024ರ ಜನವರಿ 28ರಂದು ಬೆಳ್ತಂಗಡಿ ತಾಲೂಕಿನ ವೇಣೂರು ಸಮೀಪ ಸುಡುಮದ್ದಿನ ಘಟಕ ಸ್ಫೋಟಿಸಿ ಮೂವರು ಕಾರ್ಮಿಕರು ಛಿದ್ರರಾದರು. ವೇಣೂರು! 1604ರಿಂದ ಬಾಹುಬಲಿ ಸ್ವಾಮಿ ನಿಂತಿರುವ ಕ್ಷೇತ್ರ. ಅದೇ ವರ್ಷದ ಅಕ್ಟೋಬರ್ ಕೊನೆಗೆ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ಉತ್ಸವಕ್ಕೆಂದು ಕೂಡಿಟ್ಟ ಸುಡುಮದ್ದಿಗೆ ಕಿಡಿ ತಗಲಿ ನೂರೈವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಕೆಲವರು ಜೀವ ಬಿಟ್ಟರು. ಮದ್ದನ್ನು ಕೊಳ್ಳುವವನೂ ಮಾರುವವನೂ ಹಿಂಸಾದಾನದ ಭಾಗಿಗಳು. ಇದನ್ನು ಹೇಳಲು ನನಗೆ ಸ್ವಲ್ಪ ಹಕ್ಕಿದೆ. ಹಬ್ಬದ ದಿನಗಳ ಆ ಲಾಭವನ್ನು ನನ್ನ ಅಂಗಡಿ ಹದಿನೈದು ವರ್ಷಗಳಿಂದ ಮುಟ್ಟಿಲ್ಲ.

ಹ್ಯಾಲೋವೀನಿನ ಪ್ಲಾಸ್ಟಿಕ್ ಎಲುಬನ್ನು ನೋಡಿ ಹೇಸುವ ಹಿರಿಯರು ನಿಜವಾದ ಸುಟ್ಟ ದೇಹಗಳನ್ನು ನೋಡಿ ಏಕೆ ಹೇಸುವುದಿಲ್ಲ?

ಮೊಕ್ತೇಸರರಿಗೂ ಮನೆಯವರಿಗೂ

ಟೀಕೆಯಷ್ಟನ್ನೇ ಮಾಡಿ ಕೈತೊಳೆದುಕೊಳ್ಳುವುದು ಲೇಖಕನಿಗೆ ಶೋಭಿಸದು. ಆದುದರಿಂದ ಕೆಲವು ಸೂಚನೆಗಳನ್ನು ಮುಂದಿಡುತ್ತೇನೆ.

ವಿದೇಶದಲ್ಲಿರುವ ನಮ್ಮ ಕುಟುಂಬಗಳಿಗೆ: ನೆರೆಯ ಮಕ್ಕಳ ಜೊತೆ ನಿಮ್ಮ ಮಗು ಆಡಲಿ; ಅದನ್ನು ಕೋಣೆಯಲ್ಲಿ ಕೂಡಿಹಾಕಿ ಧರ್ಮವನ್ನು ಬೆಳೆಸಲಾಗದು. ವೇಷ ಮನೆಯ ಹಳೆಯ ಬಟ್ಟೆಯದಾಗಲಿ. ಆಯುಧ, ರಕ್ತ, ಹೆಣ, ಯಾವುದೇ ಜನರನ್ನು ಹೀಯಾಳಿಸುವ ರೂಪ ಬೇಡ. ಮಿಠಾಯಿಯ ಬದಲು ಹಸಿದವರಿಗಾಗಿ ದವಸದ ಡಬ್ಬಿಯನ್ನು ಬೇಡಲಿ. ಸಿಕ್ಕ ತಿನಿಸನ್ನು ರಾತ್ರಿ ತಿನ್ನದೆ, ಮರುದಿನ ಹಗಲಿನಲ್ಲಿ ತಾಯಿಯ ಜೊತೆ ಕುಳಿತು ಹೊದಿಕೆಯ ಮೇಲಿನ ಪಟ್ಟಿ ಓದಿ, ತಕ್ಕುದನ್ನು ಮಾತ್ರ ಇಟ್ಟುಕೊಳ್ಳಲಿ. ಈ ಓದೇ ಅವನ ವರ್ಷದ ದೊಡ್ಡ ಸ್ವಾಧ್ಯಾಯ. ಚೀನಿಕಾಯಿಗೆ ಮುಖ ಕೊರೆಯುವುದು ಬೇಡ. ಬಹುಬೀಜವೆಂದು ಬಿಟ್ಟವರ ಮನೆಗೆ ಅದು ಬರುವುದೇ ಬೇಡ. ತಿನ್ನುವವರು ಇಡಿಯಾಗಿಟ್ಟು ಮರುದಿನ ಅಡಿಗೆ ಮಾಡಿ. ನಮ್ಮ ಕೆಂಬುಡೆಗೆ ಭೂತದ ಮುಖವಿಲ್ಲದೆಯೂ ರುಚಿಯುಂಟು.

ಊರಿನ ವರ್ತಕ ಬಂಧುಗಳಿಗೆ: ಆಯುಧಪೂಜೆಯ ಬೂದುಗುಂಬಳವನ್ನು ಒಡೆಯಬೇಡಿ. ತಕ್ಕಡಿಯನ್ನು ತೊಳೆದು, ತೂಕದ ಕಲ್ಲುಗಳು ಸರಿಯಿವೆಯೇ ಎಂದು ನೋಡಿ. ನಮ್ಮ ಆಯುಧಕ್ಕೆ ಅದೇ ಪೂಜೆ.

ಬಸದಿಗಳ ಮೊಕ್ತೇಸರರಿಗೂ ಟ್ರಸ್ಟುಗಳಿಗೂ: ಬರುವ ದೀಪಾವಳಿಗೂ, ಇನ್ನು ಮುಂದಿನ ಪಂಚಕಲ್ಯಾಣ, ರಥೋತ್ಸವಗಳಿಗೂ ಸುಡುಮದ್ದನ್ನು ಬಳಸುವುದಿಲ್ಲವೆಂದು ಸಭೆಯಲ್ಲಿ ನಿರ್ಣಯಿಸಿ, ವಹಿಯಲ್ಲಿ ಬರೆದು, ಬಸದಿಯ ಬಾಗಿಲಲ್ಲಿ ಅಂಟಿಸಿರಿ. "ಭಕ್ತರು ಹರಕೆ ಹೊತ್ತಿದ್ದಾರೆ, ನಾವೇನು ಮಾಡಲಿ" ಎಂಬ ನೆಪ ಬೇಡ. ಚಂದ್ರಮತಿಯೂ ಕನಸಿನ ಪರಿಹಾರದ ನೆಪವನ್ನೇ ಹೇಳಿದ್ದಳು. ಪಟಾಕಿಗೆ ಇಡುತ್ತಿದ್ದ ಹಣದಿಂದ ಶಾಸ್ತ್ರದಾನ ಮಾಡಿ, ಇಲ್ಲವೇ ಸುಟ್ಟಗಾಯದವರ ಚಿಕಿತ್ಸೆಗೆ ಔಷಧದಾನ ಮಾಡಿ. ಪ್ರಸಾದಕ್ಕೆ ಪ್ಲಾಸ್ಟಿಕ್ ತಟ್ಟೆಯೇಕೆ? ನಮ್ಮ ತೋಟಗಳಲ್ಲಿ ಅಡಿಕೆ ಹಾಳೆ ಬಿದ್ದು ಕೊಳೆಯುತ್ತಿದೆ. ಮಕ್ಕಳಿಗೆ ವೇಷದ ಆಸೆಯಿದ್ದರೆ ನಿರ್ವಾಣದ ಸಂಜೆ ಬಸದಿಯ ಅಂಗಳದಲ್ಲಿ ಯಶೋಧರನ ಕಥೆಯನ್ನೇ ಆಡಿಸಿ. ಅಭಯರುಚಿ, ಅಭಯಮತಿಯರೆಂಬ ಇಬ್ಬರು ಎಳೆಯರು ಮಾರಿಗುಡಿಯ ಬಲಿಪೀಠದ ಮುಂದೆ ನಿಂತೂ ಅಂಜದೆ ಮಾರಿದತ್ತ ರಾಜನಿಗೆ ಅಹಿಂಸೆಯನ್ನು ಬೋಧಿಸಿದ ಕಥೆಗಿಂತ ರೋಮಾಂಚಕವಾದದ್ದು ಯಾವ ಹ್ಯಾಲೋವೀನಿನಲ್ಲಿದೆ? ಅವರ ಹೆಸರುಗಳಲ್ಲೇ ಅಭಯವಿದೆ.

ಖರ್ಚು ಎಷ್ಟು, ಕಸ ಎಷ್ಟು ಎಂದು ಕೇಳುವುದು ಒಳ್ಳೆಯದೇ; ಕೇಳಿರಿ. ಆದರೆ ಅದಕ್ಕೂ ಮೊದಲು ಇದರಲ್ಲಿ ಕೊಲ್ಲುವ ಸಂಕಲ್ಪವಿದೆಯೇ, ಇದರ ಬೆಲೆಯನ್ನು ಯಾರು ತೆರುತ್ತಾರೆ ಎಂದು ಕೇಳಿರಿ. ಈ ಎರಡು ಪ್ರಶ್ನೆಗಳು ನ್ಯೂಜೆರ್ಸಿಯ ಬಾಗಿಲಿಗೂ ಕುಂಬ್ರದ ಅಂಗಡಿಗೂ ಬಸದಿಯ ಅಂಗಳಕ್ಕೂ ಒಂದೇ.

ನನ್ನ ಮೊಮ್ಮಗ ಆ ರಾತ್ರಿ ಪಂಚೆ ಹೊದ್ದು ಐದು ಮನೆಗಳಿಗೆ ಹೋಗಿಬಂದ. ಬಂದ ಮಿಠಾಯಿಯಲ್ಲಿ ಎಂಟನ್ನು ಓದಿ ಹೊರಗಿಟ್ಟನಂತೆ. ಇನ್ನು ನಮ್ಮ ಬಸದಿಗಳ ನಿರ್ಣಯಕ್ಕಾಗಿ ಅವನ ಅಜ್ಜ ಕಾಯುತ್ತಿದ್ದಾನೆ.